ತಪ್ಪು ಒಂದು ಕಡೆ, ಎರರ್ ಇನ್ನೊಂದು ಕಡೆ

ಮೊನ್ನೆ ಸಿ ಪ್ರೋಗ್ರಾಮಿಂಗ್ ಲ್ಯಾಬ್‌ನಲ್ಲಿ ಹುಡುಗನೊಬ್ಬ ಕರೆದ. ‘ಮೇಡಂ, ನಾನು ಮುಟ್ಟೇ ಇಲ್ಲದ ಫೈಲಲ್ಲಿ ಎರರ್ ಬರ್ತಿದೆ.’ ಹೋಗಿ ನೋಡಿದೆ, ಅವನು ಹೇಳಿದ್ದು ನಿಜ. ಅವನು ಬರೆದಿದ್ದು ಎರಡೇ ಫೈಲು: ಒಂದು ಮೇನ್, ಇನ್ನೊಂದು ಹೆಸರು ಮತ್ತು ಅಂಕವನ್ನು ಒಟ್ಟಿಗೆ ಇಡೋ ಸ್ಟ್ರಕ್ಟ್ ಇದ್ದ ಪುಟ್ಟ ಹೆಡರ್, ಅಂದ್ರೆ ಬೇರೆ ಫೈಲಿನೊಳಗೆ ಸೇರಿಸಿಕೊಳ್ಳೋ ಫೈಲು. ಜಿಸಿಸಿ (ಕೋಡನ್ನು ಕಂಪ್ಯೂಟರ್ ಓಡಿಸೋ ರೂಪಕ್ಕೆ ತರೋ ಕಂಪೈಲರ್) ತೋರಿಸ್ತಿದ್ದದ್ದು ಮಾತ್ರ ಕಂಪೈಲರ್ ಜೊತೆಗೇ ಬರುವ ಸಿಸ್ಟಮ್ ಹೆಡರಿನ ಒಂದು ಸಾಲನ್ನು. ಪಾಪ, ಕಂಪ್ಯೂಟರೇ ಕೆಟ್ಟಿರಬೇಕು ಅಂತ ಪಕ್ಕದ ಸಿಸ್ಟಂನಲ್ಲೂ ಹಾಕಿ ನೋಡಿದ್ದ. ಅಲ್ಲೂ ಅದೇ.

‘ನಿನ್ನ ಹೆಡರ್ ತೆಗಿಯಪ್ಪ’ ಅಂದೆ. ಸ್ಟ್ರಕ್ಟ್ ಮುಗಿಯೋ ಬ್ರಾಕೆಟ್ ಆದ ಮೇಲೆ ಸೆಮಿಕೋಲನ್ ಇರಲಿಲ್ಲ. ಅವನು ತನ್ನ ಹೆಡರನ್ನು ಮೊದಲು ಸೇರಿಸಿ, ಅದರ ಕೆಳಗೆ ಎಸ್‌ಟಿಡಿಐಒ ಡಾಟ್ ಎಚ್ (stdio.h) ಅನ್ನೋ ಸಿಸ್ಟಮ್ ಹೆಡರನ್ನು ಇನ್‌ಕ್ಲೂಡ್ ಬರೆದು ಸೇರಿಸಿದ್ದ. ಇನ್‌ಕ್ಲೂಡ್ ಅಂದ್ರೆ ಆ ಫೈಲಿನಲ್ಲಿ ಇರೋದನ್ನೆಲ್ಲ ಆ ಜಾಗಕ್ಕೇ ತಂದು ಸುರಿಯೋದು, ಅಲ್ವಾ? ಹಾಗಾಗಿ ಮುಗಿಯದ ಸ್ಟ್ರಕ್ಟ್‌ಗೆ ಸಿಸ್ಟಮ್ ಹೆಡರಿನ ಮೊದಲ ಡಿಕ್ಲರೇಶನ್ (ಹೆಸರು ಘೋಷಿಸೋ ಸಾಲು) ಅಂಟಿಕೊಳ್ತು, ಇದೇನೋ ಸರಿಯಿಲ್ಲ ಅಂತ ಕಂಪೈಲರ್‌ಗೆ ಗೊತ್ತಾಗಿದ್ದೇ ಅಲ್ಲಿ, ಎರರ್ ಕೊಟ್ಟಿದ್ದೂ ಅಲ್ಲೇ. ಮೆಸೇಜಿನ ಮೇಲ್ಗಡೆ ಯಾವ ಫೈಲಿನ ಎಷ್ಟನೇ ಸಾಲಿನಿಂದ ಇಲ್ಲಿಗೆ ಬಂದೆ ಅಂತಲೂ ಬರೆದಿರುತ್ತೆ. ಅದನ್ನು ಯಾರೂ ಓದೋದಿಲ್ಲ, ಯಾಕಂದ್ರೆ ಓದಿ ಅಂತ ನಾವು ಹೇಳಿಕೊಟ್ಟಿರೋದಿಲ್ಲ.

ನನಗೆ ಬೇಜಾರಾಗಿದ್ದು ಇದಕ್ಕೇ. ಲಾಜಿಕ್ ಎಲ್ಲಾ ಸರಿಯಾಗಿ ಬರೆದ ಹುಡುಗ, ಹತ್ತನೇ ಕ್ಲಾಸಿನವರೆಗೂ ಕನ್ನಡದಲ್ಲಿ ಓದಿದವನು, ಪರದೆ ತುಂಬ ಇಂಗ್ಲಿಷ್ ಸಾಲುಗಳು ಉರುಳಿದ ಕೂಡಲೇ ‘ನನಗೆ ಕೋಡಿಂಗ್ ಬರಲ್ಲ’ ಅಂತ ತೀರ್ಮಾನ ಮಾಡಿಬಿಡ್ತಾನೆ. ಆ ಸಾಲುಗಳಲ್ಲಿ ಬಹುಪಾಲು ಮೊದಲನೇ ಎರರಿನಿಂದಲೇ ಹುಟ್ಟಿದವು.

ಅದೇ ದಿನ ಇನ್ನೊಬ್ಬಳಿಗೆ ಸ್ಟ್ರೇ (ಅಲ್ಲಿ ಇರಬಾರದ್ದು) 342, 200, 234 ಅಂತ ಎರರ್ ಬಂದಿತ್ತು. ನೋಟ್ಸ್ ಪಿಡಿಎಫ್‌ನಿಂದ ಕಾಪಿ ಮಾಡಿದ, ಪರದೆಗೆ ಬರೆಸೋ ಪ್ರಿಂಟ್‌ಎಫ್ ಸಾಲು. ವರ್ಡ್‌ನಲ್ಲಿ ನೋಟ್ಸ್ ಟೈಪ್ ಮಾಡಿದಾಗ ನೇರ ಕೋಟ್ ತಾನಾಗೇ ಬಾಗಿದ ಕೋಟ್ ಆಗುತ್ತೆ, ಸಿಗೆ ಬೇಕಿರೋದು ನೇರ ಕೋಟ್. ಅಕ್ಷರಗಳನ್ನು ಬೈಟುಗಳಾಗಿ ಇಡೋ ಯುಟಿಎಫ್-8ರಲ್ಲಿ ಆ ಬಾಗಿದ ಒಂದು ಚಿಹ್ನೆ ಮೂರು ಬೈಟು, ಜಿಸಿಸಿ ಅವನ್ನೇ ಆಕ್ಟಲ್‌ನಲ್ಲಿ (ಎಂಟರ ಆಧಾರದ ಅಂಕಿಗಳಲ್ಲಿ) ಹೇಳ್ತಿದೆ. ಗೊತ್ತಿಲ್ಲದವರು ಆ ಅಂಕಿಗಳನ್ನು ನೋಡಿ ಏನು ತಾನೇ ಮಾಡಬೇಕು?

ಈಗ ಮೊದಲ ಲ್ಯಾಬ್‌ನಲ್ಲೇ ಸರಿಯಾಗಿ ಓಡೋ ಪ್ರೋಗ್ರಾಂ ಕೊಟ್ಟು, ಬೇಕಂತಲೇ ಕೆಡಿಸೋಕೆ ಹೇಳ್ತೀನಿ. ಒಂದು ಸೆಮಿಕೋಲನ್ ಅಳಿಸಿ, ಮೆಸೇಜ್ ಓದಿ. ಅದನ್ನು ವಾಪಸ್ ಹಾಕಿ, ಮೇನ್‌ನ ಕೊನೆಯ ಬ್ರಾಕೆಟ್ ತೆಗೀರಿ. ಎರರ್ ಈಗ ಫೈಲಿನ ಕೊನೇ ಸಾಲಿಗೆ ಹೋಗಿರುತ್ತೆ, ಯಾಕೆ ಅಂತ ಪಕ್ಕದವರಿಗೆ ಕನ್ನಡದಲ್ಲಿ ಹೇಳಿ.