ಐದು ನಿಮಿಷದ ಕೆಲ್ಸ ಅಂತ ಡಿಎಂಝಡ್ ಹಾಕ್ತಿದ್ದೆ

ದಾವಣಗೆರೆಲಿ ಸಿಸಿ ಕ್ಯಾಮೆರಾ ಹಾಕೋ ಕೆಲ್ಸ ನಂದು. ಕಸ್ಟಮರ್ ಎಲ್ರೂ ಕೇಳೋದು ಒಂದೇ, "ಊರಿಗೆ ಹೋದಾಗ ಮೊಬೈಲಲ್ಲಿ ಮನೆ ಕಾಣ್ಬೇಕಪ್ಪ". ಅದಕ್ಕೆ ಸ್ಟಾಟಿಕ್ ಐಪಿ (ಬದಲಾಗದ ಇಂಟರ್ನೆಟ್ ವಿಳಾಸ) ತಗೊಂಡು ರೂಟರಲ್ಲಿ ಬೇಕಾದ ಪೋರ್ಟ್ (ನೆಟ್ ಒಳಗೆ ಬರೋ ಬಾಗ್ಲು ಅನ್ಕೊಳ್ಳಿ) ಮಾತ್ರ ಫಾರ್ವರ್ಡ್ ಮಾಡ್ಬೇಕು, ಅದು ತಲೆನೋವು, ಡಿಎಂಝಡ್ ಅಂತ ಒಂದ್ ಆಪ್ಷನ್ ಇರತ್ತೆ ನೋಡಿ, ಅಲ್ಲಿ ಡಿವಿಆರ್ (ಕ್ಯಾಮೆರಾ ರೆಕಾರ್ಡ್ ಮಾಡೋ ಡಬ್ಬ) ಐಪಿ ಕೊಟ್ಟು ಸೇವ್ ಒತ್ತಿದ್ರೆ ಮುಗೀತು, ಹೊರಗಿಂದ ಯಾರು ಯಾವ ಪೋರ್ಟ್ ಬಡಿದ್ರೂ ಸೀದಾ ಡಿವಿಆರ್ ಮುಂದೇನೇ ಬಂದು ನಿಲ್ತಾರೆ. ಕಸ್ಟಮರ್ ಖುಷಿ, ನಾನೂ ಬೇಗ ಮನೆಗೆ.

ಹಂಗೆ ಹಾಕ್ಕೊಟ್ಟಿದ್ದ ಒಬ್ರು ರಿಟೈರ್ಡ್ ಮೇಷ್ಟ್ರು ಫೋನ್ ಮಾಡಿದ್ರು, ನೆಟ್ ತೆವಳ್ತಾ ಇದೆ ಅಂತ. ಹೋಗಿ ಡಿವಿಆರ್ ಆಫ್ ಮಾಡಿ ಆನ್ ಮಾಡ್ದೆ, ಸರಿಹೋಯ್ತು, ಕಾಫಿ ಕುಡ್ಕೊಂಡ್ ಬಂದೆ. ಮನೆ ಮುಂದೆ ಬೈಕ್ ಸ್ಟ್ಯಾಂಡ್ ಹಾಕೋ ಮುಂಚೆನೇ ಮತ್ತೆ ಫೋನ್. ಇಂಟರ್ನೆಟ್ ಹುಡುಗ್ರ ಮೇಲೆ ಹಾಕ್ದೆ (ನಮ್ ಲೈನಲ್ಲಿ ಇದು ಮಾಮೂಲು, ಅವ್ರು ನಮ್ ಮೇಲೆ, ನಾವ್ ಅವ್ರ್ ಮೇಲೆ). ಮೂರನೇ ಸಲ ಹೋದಾಗ ಡಿವಿಆರ್ ಲ್ಯಾನ್ ವೈರ್ ಕಿತ್ತು ನೋಡ್ದೆ, ಸ್ಪೀಡ್ ಬಂತು. ಹಾಕ್ದೆ, ಹೋಯ್ತು.

ನೆಟ್‌ವರ್ಕಿಂಗ್ ಗೊತ್ತಿರೋ ಗೆಳೆಯನ್ನ ಕರ್ಕೊಂಡ್ ಹೋದೆ. ಡಿವಿಆರಲ್ಲಿ ಟೆಲ್ನೆಟ್ (ದೂರದಿಂದ ಲಾಗಿನ್ ಆಗಿ ಕಮಾಂಡ್ ಕೊಡೋ ದಾರಿ) ಓಪನ್ ಇತ್ತು, ಮಿರಾಯ್ ಅನ್ನೋ ವೈರಸ್ ಥರದ್ದೇನೋ ಒಳಗೆ ಹೊಕ್ಕು, ನಮ್ ಡಬ್ಬ ಈಗ ಊರವ್ರ ಡಿವಿಆರ್ ಬಾಗ್ಲು ತಟ್ತಾ ಕೂತಿತ್ತು. 2016ರ ಅಕ್ಟೋಬರ್ 21ಕ್ಕೆ ವೆಬ್‌ಸೈಟ್ ಹೆಸರಿಗೆ ವಿಳಾಸ ಹುಡುಕ್ಕೊಡೋ ಅಮೆರಿಕದ ಡೈನ್ ಕಂಪನಿ ಮೇಲೆ ಇಂಥ ಡಬ್ಬಗಳಿಂದಲೇ ದಾಳಿ ಆಗಿ ಟ್ವಿಟರ್, ನೆಟ್‌ಫ್ಲಿಕ್ಸ್ ಎಲ್ಲ ಕೈ ಕೊಟ್ಟಿತ್ತಲ್ಲ, ಅದು ಮಿರಾಯ್ ಕೆಲ್ಸ. ಅದ್ರ ಹತ್ರ ಇದ್ದ ಬಂಡವಾಳ ಫ್ಯಾಕ್ಟರಿಯಿಂದ ಬರೋ 60 ಚಿಲ್ರೆ ಯೂಸರ್‌ನೇಮ್ ಪಾಸ್‌ವರ್ಡ್ ಅಷ್ಟೇ. ಮೆಮೊರಿಲಿ ಮಾತ್ರ ಇರೋದ್ರಿಂದ ಆಫ್ ಮಾಡಿದ್ರೆ ಹೋಗತ್ತೆ, ಬಾಗ್ಲು ತೆಗ್ದೇ ಇದ್ರೆ ನಿಮಿಷಗಳಲ್ಲಿ ವಾಪಸ್.

"ಪಾಸ್‌ವರ್ಡ್ ಚೇಂಜ್ ಮಾಡಿದೀನಲ್ಲೋ" ಅಂದೆ. ಅದು ಮೆನುದು ಕಣೋ, ಟೆಲ್ನೆಟ್‌ದು ಬೇರೆ, ಇಂಥ ಅಗ್ಗದ ಮಾಲಲ್ಲಿ ಫರ್ಮ್‌ವೇರ್ (ಡಬ್ಬದೊಳಗಿನ ಮೂಲ ಸಾಫ್ಟ್‌ವೇರ್) ಒಳಗೇ ಬರೆದುಬಿಟ್ಟಿರ್ತಾರೆ, ನೀನಲ್ಲ ನಿಮ್ಮಪ್ಪ ಬಂದ್ರೂ ಬದಲಾಗಲ್ಲ ಅಂದ. ಇಷ್ಟು ವರ್ಷ ಕೆಲ್ಸ ಮಾಡಿ ಇದು ನಂಗೆ ಗೊತ್ತೇ ಇರ್ಲಿಲ್ಲ.

ಡಿಎಂಝಡ್ ತೆಗ್ದೆ, ಯುಪಿಎನ್‌ಪಿ ಆಫ್ ಮಾಡ್ದೆ (ಅದು ಆನ್ ಇದ್ರೆ ಡಿವಿಆರ್ ತಾನೇ ರೂಟರ್‌ಗೆ ಹೇಳಿ ಪೋರ್ಟ್ ತೆಗೆಸ್ಕೊಳತ್ತೆ), ವಿಪಿಎನ್ (ಹೊರಗಿಂದ ಮನೆ ನೆಟ್‌ಗೆ ಬೀಗ ಹಾಕಿದ ಖಾಸಗಿ ದಾರಿ) ಇರೋ ರೂಟರ್ ಹಾಕ್ಕೊಟ್ಟೆ. ಮೊದ್ಲು ವಿಪಿಎನ್ ಒತ್ತಿ ಆಮೇಲೆ ಆಪ್ ತೆಗೀಬೇಕು ಅಂತ ಮೇಷ್ಟ್ರಿಗೆ ಬೇಜಾರು.

ರಾತ್ರಿ ಹಳೇ ಡೈರಿ ತೆಗ್ದು ನಾನು ಡಿಎಂಝಡ್ ಹಾಕಿದ ಮನೆ ಎಣಿಸ್ದೆ, 26. ಭಾನುವಾರಕ್ಕೆ ಎರಡೆರಡು ಮನೆ ಅಂತ ದುಡ್ಡು ತಗೊಳ್ದೆ ಸರಿ ಮಾಡ್ಕೊಂಡ್ ಬರ್ತಿದೀನಿ. ಇನ್ನೂ 4 ಬಾಕಿ, ಅದ್ರಲ್ಲಿ ಒಬ್ರು ಫೋನೇ ಎತ್ತಲ್ಲ.