ಲೇಹ್‌ನ 114ರ ಚೀತಾ: ಮಾದರಿ ಎಲ್ಲಿಯವರೆಗೆ ಬಂತು

ಅಂತೂ ಬಾಲ ಮುಗಿಯಿತು. ಚೀತಾ ಹೆಲಿಕಾಪ್ಟರ್‌ನ ಮಾದರಿ ಕಟ್ಟಿದವರಿಗೆ ಇದು ಎಷ್ಟು ದೊಡ್ಡ ಸುದ್ದಿ ಅಂತ ಗೊತ್ತು. ಈ ಹೆಲಿಕಾಪ್ಟರ್‌ನ ಬಾಲಕ್ಕೆ ತಗಡಿನ ಹೊದಿಕೆ ಇಲ್ಲ. ಉಕ್ಕಿನ ಕೊಳವೆಗಳನ್ನು ತ್ರಿಕೋನ ತ್ರಿಕೋನವಾಗಿ ಹೆಣೆದ ಬರೀ ಚೌಕಟ್ಟು ಅದು. ಆಚೆ ಬದಿಯ ಆಕಾಶ ಪೂರ್ತಿ ಕಾಣುತ್ತದೆ. ಹಾಗಾಗಿ ಒಂದು ಕಡ್ಡಿ ಕೂದಲೆಳೆಯಷ್ಟು ವಾಲಿದರೂ ಮುಚ್ಚಿಡಲು ಜಾಗವಿಲ್ಲ.

ಹೊಸದಾಗಿ ಓದುತ್ತಿರುವವರಿಗೆ ಸ್ವಲ್ಪ ಹಿನ್ನೆಲೆ ಹೇಳುತ್ತೇನೆ. ಕಟ್ಟುತ್ತಿರುವುದು 1/72 ಸ್ಕೇಲಿನ ಚೀತಾ. ಭಾರತೀಯ ವಾಯುಪಡೆಯ 114 ಹೆಲಿಕಾಪ್ಟರ್ ಯೂನಿಟ್‌ನದು. 1964ರ ಏಪ್ರಿಲ್ 1ರಂದು ಹುಟ್ಟಿದ ಯೂನಿಟ್. ಲೇಹ್ ಅದರ ನೆಲೆ. ‘ಸಿಯಾಚಿನ್ ಪಯೋನಿಯರ್ಸ್’ ಎಂದು ಹೆಸರು. ಮಾದರಿಯ ಜೊತೆಗೆ ಯೂನಿಟ್‌ನ ಕಥೆಯನ್ನೂ ಬರೆದುಕೊಂಡು ಹೋಗುತ್ತಿದ್ದೇನೆ. ಎರಡೂ ಒಂದೇ ಕೆಲಸ ಅಂತ ಈಗೀಗ ಅನ್ನಿಸುತ್ತಿದೆ. ಯುದ್ಧವಿಮಾನಗಳ ಸ್ಕ್ವಾಡ್ರನ್‌ಗಳ ಇತಿಹಾಸದಲ್ಲಿ ಲೆಕ್ಕ ಇಡುವುದು ಹಾಕಿದ ಬಾಂಬ್, ಬೀಳಿಸಿದ ವಿಮಾನ. 114ರ ಇತಿಹಾಸದ ಲೆಕ್ಕ ತೂಕದ್ದು. ಇಷ್ಟು ಎತ್ತರಕ್ಕೆ ಇಷ್ಟು ಕಿಲೋ, ಅಷ್ಟೇ.

ಎರಡು ಕಿಟ್, ಒಂದು ಹೆಲಿಕಾಪ್ಟರ್

ಈ ಮಾದರಿಗೆ ನಾನು ಎರಡು ಕಿಟ್ ಒಡೆದಿದ್ದೇನೆ. ಮೈಕಟ್ಟು ಆಲೂಯೆಟ್ 2 ಎಂಬ ಫ್ರೆಂಚ್ ಹೆಲಿಕಾಪ್ಟರಿನದು. ಎಂಜಿನ್, ರೋಟರ್ ತಲೆ ಆಲೂಯೆಟ್ 3ರದ್ದು. ಇದು ಕಿಟ್ ಸಿಗದೆ ಮಾಡಿದ ಹೊಂದಾಣಿಕೆ ಅಲ್ಲ, ನಿಜವಾದ ಹೆಲಿಕಾಪ್ಟರ್ ಹುಟ್ಟಿದ್ದೂ ಹೀಗೇ. 1960ರ ದಶಕದ ಕೊನೆಯಲ್ಲಿ ನಮ್ಮ ಸೇನೆಗೆ ಹಿಮಾಲಯದಲ್ಲಿ ಕೆಲಸ ಮಾಡಬಲ್ಲ ಹಗುರ ಹೆಲಿಕಾಪ್ಟರ್ ಬೇಕಿತ್ತು. ಫ್ರೆಂಚರು ಆಲೂಯೆಟ್ 2ರ ಚಿಕ್ಕ ಮೈಯನ್ನು ಗಟ್ಟಿ ಮಾಡಿ, ಅದಕ್ಕೆ ಆಲೂಯೆಟ್ 3ರ ಆರ್ಟೂಸ್ಟ್ ಎಂಜಿನ್ ಮತ್ತು ರೋಟರ್ ಕೂರಿಸಿದರು. 1969ರ ಮಾರ್ಚ್ 17ರಂದು ಅದು ಮೊದಲ ಸಲ ಹಾರಿತು. ಅವರು ಇಟ್ಟ ಹೆಸರು ಲಾಮಾ. ಬೆಂಗಳೂರಿನ ಎಚ್‌ಎಎಲ್‌ಗೆ ತಯಾರಿಕೆಯ ಪರವಾನಗಿ ಬಂತು. ಇಲ್ಲಿ ಜೋಡಿಸಿದ ಮೊದಲನೆಯದು 1972ರ ಅಕ್ಟೋಬರ್ 6ರಂದು ಹಾರಿತು. ಅದೇ ಚೀತಾ.

ಎಂಜಿನ್ ಅಂಟಿಸುವಾಗ ಅದರ ಗಾತ್ರ ನೋಡಿ ಖುಷಿಯಾಯಿತು. ಆ ಪುಟ್ಟ ಮೈಯ ಬೆನ್ನ ಮೇಲೆ ಅದು ಎದ್ದು ಕಾಣುತ್ತದೆ. ಗುಟ್ಟು ಇರುವುದೇ ಅಲ್ಲಿ. ಸುಮಾರು 870 ಅಶ್ವಶಕ್ತಿ ಕೊಡಬಲ್ಲ ಎಂಜಿನ್ನನ್ನು ಇದರಲ್ಲಿ 550ಕ್ಕೆ ಕಟ್ಟಿಹಾಕಿದ್ದಾರೆ. ಕೆಳಗೆ ಇರುವಾಗ ಮಿಕ್ಕ ಶಕ್ತಿ ಸುಮ್ನೆ ಕೂತಿರುತ್ತದೆ. ಮೇಲೆ ಹೋದಂತೆ ಗಾಳಿ ತೆಳುವಾಗಿ ಎಂಜಿನ್ ಬಲ ಕುಗ್ಗುತ್ತದಲ್ಲ, ಆಗ ಅದು ಕೈಗೆ ಬರುತ್ತದೆ. 18,000 ಅಡಿಯಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಅರ್ಧದಷ್ಟಿರುತ್ತದೆ. ಬೇರೆ ಹೆಲಿಕಾಪ್ಟರ್‌ಗಳು ಏದುಸಿರು ಬಿಡುವ ಆ ಜಾಗದಲ್ಲಿ ಇದಕ್ಕೆ ಇನ್ನೂ ಸ್ವಲ್ಪ ದಮ್ ಉಳಿದಿರುತ್ತದೆ. 1972ರ ಜೂನ್ 21ರಂದು ಜ್ಯಾಂ ಬೂಲೆ ಎಂಬ ಫ್ರೆಂಚ್ ಪೈಲಟ್ ಲಾಮಾವನ್ನು 12,442 ಮೀಟರ್‌ಗೆ ಹತ್ತಿಸಿ ವಿಶ್ವದಾಖಲೆ ಮಾಡಿದ. ಆ ಎತ್ತರದಲ್ಲಿ ಎಂಜಿನ್ ಆರಿಹೋಯಿತು. ಬರೀ ಗಾಳಿಗೆ ತಿರುಗುವ ರೋಟರ್ ನಂಬಿ ನೆಲದವರೆಗೂ ಇಳಿದು ಬಂದ.

ಬಾಲದ ಕೆಲಸ

ಕಿಟ್‌ನ ಪ್ಲಾಸ್ಟಿಕ್ ಬಾಲ ತುಂಬ ದಪ್ಪ. ಅದನ್ನು ಬದಿಗಿಟ್ಟು ಹಿತ್ತಾಳೆ ತಂತಿ ತಂದೆ, ಅರ್ಧ ಮಿಲಿಮೀಟರ್‌ಗಿಂತ ಸಣ್ಣದು. ನಕ್ಷೆಯನ್ನು ಸ್ಕೇಲಿಗೆ ಪ್ರಿಂಟ್ ತೆಗೆದು ಮರದ ಹಲಗೆಗೆ ಅಂಟಿಸಿದೆ. ಪ್ರತಿ ಮೂಲೆಯಲ್ಲೂ ಗುಂಡುಸೂಜಿ ಚುಚ್ಚಿ, ತಂತಿಯನ್ನು ಸೂಜಿಗಳ ನಡುವೆ ಸಿಕ್ಕಿಸಿದೆ. ಮೊದಲು ಉದ್ದದ ಕಡ್ಡಿಗಳು, ಆಮೇಲೆ ಅಡ್ಡಕಡ್ಡಿ, ಕೊನೆಗೆ ಓರೆಕಡ್ಡಿ. ಬೆಸುಗೆ ಹಾಕುವಾಗ ಒಂದು ಗಂಟಿನ ಶಾಖಕ್ಕೆ ಪಕ್ಕದ ಗಂಟು ಬಿಟ್ಟುಕೊಳ್ಳುವ ಭಯ ಇರುತ್ತದೆ. ಅದಕ್ಕೆ ಒದ್ದೆ ಹತ್ತಿಯ ಚೂರನ್ನು ಪಕ್ಕದ ಗಂಟಿನ ಮೇಲೆ ಇಟ್ಟುಕೊಂಡೇ ಬೆಸುಗೆ ಕಡ್ಡಿ ತಾಗಿಸಬೇಕು. ಬೆಸುಗೆಯ ಉಂಡೆ ಉಳಿದರೆ ಬ್ಲೇಡಿನಿಂದ ಕೆರೆದು ತೆಗೆಯಬೇಕು. ಕಣ್ಣಿಗೆ ಶ್ರಮ, ಆದರೆ ಮುಗಿದ ಮೇಲೆ ಕೈಯಲ್ಲಿ ಹಿಡಿದಾಗ ತೂಕವೇ ಗೊತ್ತಾಗಲಿಲ್ಲ. ನಿಜವಾದ ಚೀತಾ ಕಟ್ಟಿದವರ ತಲೆಯಲ್ಲಿ ಏನಿತ್ತು ಅಂತ ಆಗ ಸರಿಯಾಗಿ ತಿಳಿಯಿತು.

ಮುಂದಿನ ಗಾಜಿನ ಗುಳ್ಳೆಯ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಮರದಲ್ಲಿ ಅಚ್ಚು ಕೆತ್ತಿ, ತೆಳು ಪಾರದರ್ಶಕ ಹಾಳೆಯನ್ನು ಬಿಸಿ ಮಾಡಿ ಎಳೆದಿದ್ದೇನೆ. ಚೆನ್ನಾಗಿ ಬಂದಿದೆ.

ಯಾವ ಗಳಿಗೆಯನ್ನು ತೋರಿಸುವುದು?

ಇದಕ್ಕೇ ಜಾಸ್ತಿ ಯೋಚನೆ ಮಾಡಿದೆ. 114ರ ಇತಿಹಾಸದಿಂದ ಒಂದು ಗಳಿಗೆ ಆರಿಸಬೇಕು.

ಸಿಯಾಚಿನ್ ಹಿಮನದಿಯ ಮೇಲೆ ವಾಯುಪಡೆಯ ಹೆಲಿಕಾಪ್ಟರ್ ಮೊದಲು ಇಳಿದದ್ದು 1978ರ ಅಕ್ಟೋಬರ್‌ನಲ್ಲಿ. ಕರ್ನಲ್ ನರೇಂದ್ರ ಕುಮಾರ್ ಅವರ ಪರ್ವತಾರೋಹಣ ತಂಡ ಆ ವರ್ಷ ಅಲ್ಲಿಗೆ ಹೋಗಿತ್ತು. ಆದರೆ ಅದು ಚೀತಾ ಅಲ್ಲ, ಚೇತಕ್, ಅಂದರೆ ಇಲ್ಲಿ ತಯಾರಾದ ಆಲೂಯೆಟ್ 3.

ಆಮೇಲೆ 1984ರ ಏಪ್ರಿಲ್ 13, ಬೈಸಾಖಿ ಹಬ್ಬದ ದಿನ. ಆಪರೇಷನ್ ಮೇಘದೂತ್, ಸಿಯಾಚಿನ್ ವಶಕ್ಕೆ ತೆಗೆದುಕೊಂಡ ಸೇನಾ ಕಾರ್ಯಾಚರಣೆ. ಬೆಳಗಿನ ಜಾವ ಚೀತಾ ಹೊರಟಿತು. ಒಳಗೆ ನಾಲ್ಕನೇ ಕುಮಾಂವ್ ಬೆಟಾಲಿಯನ್ನಿನ ಕ್ಯಾಪ್ಟನ್ ಸಂಜಯ್ ಕುಲಕರ್ಣಿ ಮತ್ತು ಒಬ್ಬ ಸೈನಿಕ. ಬಿಲಾಫೊಂಡ್ ಲಾ ಕಣಿವೆದಾರಿಯ ಮೇಲೆ ಹೆಲಿಕಾಪ್ಟರ್ ನೆಲಕ್ಕೆ ತಾಗದೆ ತೇಲಿ ನಿಂತಿತು. ಕೆಳಗಿನ ಹಿಮ ಗಟ್ಟಿಯೋ ಮೆತ್ತಗೋ ನೋಡಲು ಮೊದಲು ಒಂದು ಹಿಟ್ಟಿನ ಮೂಟೆ ಎಸೆದರು. ಆಮೇಲೆ ಮನುಷ್ಯರು ಜಿಗಿದರು. ಆ ದಿನ 17 ಸರದಿಯಲ್ಲಿ ಒಂದು ಪ್ಲಟೂನ್ ಮೇಲೆ ಹೋಯಿತು. ಲೆಕ್ಕ ನೋಡಿ: 30ರಷ್ಟು ಜನರಿಗೆ 17 ಸಲ. ಒಂದು ಹಾರಾಟಕ್ಕೆ ಇಬ್ಬರಿಗಿಂತಲೂ ಕಡಿಮೆ. ಜಗತ್ತಿನ ಅತಿ ಎತ್ತರದ ರಣರಂಗ ಶುರುವಾದದ್ದು ಇಬ್ಬಿಬ್ಬರು ಇಳಿದು.

ಆದರೂ ನಾನು ಆ ದಿನವನ್ನು ಆರಿಸಿಲ್ಲ. ಅದರ ಮಾರನೆಯ ದಿನದಿಂದ ಇಲ್ಲಿಯವರೆಗೆ ನಡೆದಿರುವ ದಿನನಿತ್ಯದ ಕೆಲಸವೇ ನನಗೆ ದೊಡ್ಡದಾಗಿ ಕಾಣುತ್ತದೆ. ದೊಡ್ಡ ವಿಮಾನಗಳು ಲೇಹ್, ಥೋಯ್ಸ್ ವಿಮಾನನೆಲೆಗಳವರೆಗೆ ಸಾಮಾನು ತರುತ್ತವೆ. ದೊಡ್ಡ ಹೆಲಿಕಾಪ್ಟರ್ ಎಂಐ-17 ಅದನ್ನು ಇನ್ನಷ್ಟು ಮೇಲೆ ಒಯ್ಯುತ್ತದೆ. ಕಟ್ಟಕಡೆಯ ಪೋಸ್ಟ್‌ಗಳಿಗೆ ಚೀತಾವೇ ಬೇಕು. ಅಲ್ಲಿ ಅದು ಹೊರುವುದು 20–25 ಕಿಲೋ. ಒಂದು ಜೆರಿಕ್ಯಾನ್ ಸೀಮೆಎಣ್ಣೆ! ಹೋಗಿ ಬರುವುದಕ್ಕೆ ಬೇಕಾದಷ್ಟೇ ಇಂಧನ, ಬೇಡದ್ದನ್ನೆಲ್ಲ ಕೆಳಗೇ ಕಳಚಿಟ್ಟು ಹೊರಡಬೇಕು. ಪುಟ್ಟ ಹೆಲಿಪ್ಯಾಡ್ ಮೇಲೆ ಎಂಜಿನ್ ಆರಿಸುವ ಹಾಗಿಲ್ಲ. ಸಾಮಾನು ಇಳಿಸುವುದು, ಕಾಯಿಲೆಯವರನ್ನು ಹತ್ತಿಸುವುದು ಎಲ್ಲ ಕ್ಷಣಗಳಲ್ಲಿ ಆಗಬೇಕು. ಆ ಒಂದು ಕ್ಯಾನ್ ಎಣ್ಣೆಯಿಂದಲೇ ಮೇಲಿನವರ ಬಂಕರ್‌ನಲ್ಲಿ ಹಿಮ ಕರಗಿ ನೀರಾಗಬೇಕು, ಅಡುಗೆ ಬೇಯಬೇಕು. ಸೇನೆಯ ಏವಿಯೇಷನ್ ಪೈಲಟ್‌ಗಳೂ ಇದೇ ಕೆಲಸ ಮಾಡುತ್ತಾರೆ, ಇದೇ ಚೀತಾದಲ್ಲಿ.

ಹಾಗಾಗಿ ನನ್ನ ದೃಶ್ಯ ಇದು: ರೋಟರ್ ತಿರುಗುತ್ತಿದೆ, ಹಿಂದಿನ ಬಾಗಿಲು ತೆಗೆದಿದೆ, ಒಬ್ಬ ಜವಾನ ಬಗ್ಗಿ ಜೆರಿಕ್ಯಾನ್ ಎಳೆದುಕೊಳ್ಳುತ್ತಿದ್ದಾನೆ. ಈ ಸ್ಕೇಲಿನಲ್ಲಿ ಕ್ಯಾನ್ ಎತ್ತರ ಸುಮಾರು ಆರೂವರೆ ಮಿಲಿಮೀಟರ್. ಪ್ಲಾಸ್ಟಿಕ್ ಹಾಳೆಯ ಪದರಗಳನ್ನು ಅಂಟಿಸಿ, ಬದಿಯಲ್ಲಿ ಅಡ್ಡಗುರುತು ಗೀಚಿ, ಮೇಲೆ ತಂತಿಯ ಹಿಡಿ ಕೂರಿಸಿದ್ದೇನೆ. ಇಡೀ ಮಾದರಿಯಲ್ಲಿ ನನಗೆ ಅತಿ ಇಷ್ಟವಾದ ತುಣುಕು ಇದೇ.

ನಮ್ಮೂರಿನ ಕಡೆಯ ಒಂದು ಹೆಸರು ಇಲ್ಲಿ ಬರಲೇಬೇಕು. 2016ರ ಫೆಬ್ರವರಿ 3ರಂದು 19,600 ಅಡಿ ಎತ್ತರದ ಸೋನಂ ಪೋಸ್ಟ್ ಮೇಲೆ ಹಿಮ ಕುಸಿದು ಮದ್ರಾಸ್ ರೆಜಿಮೆಂಟಿನ ಹತ್ತು ಜನ ಹೂತುಹೋದರು. ಹುಡುಕುವವರಿಗೆ ಬೇಕಾದ ಉಪಕರಣಗಳನ್ನು ಅಲ್ಲಿಗೆ ಹೊತ್ತದ್ದು ಹೆಲಿಕಾಪ್ಟರ್‌ಗಳೇ. ಆರು ದಿನದ ಮೇಲೆ ಕುಂದಗೋಳ ತಾಲ್ಲೂಕಿನ ಬೆಟದೂರಿನ ಲಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಜೀವಂತ ಸಿಕ್ಕರು. ಮೇಲಿನಿಂದ ಅವರನ್ನು ಇಳಿಸಿ ತಂದದ್ದೂ ಹೆಲಿಕಾಪ್ಟರ್. ಫೆಬ್ರವರಿ 11ರಂದು ದೆಹಲಿಯ ಆಸ್ಪತ್ರೆಯಲ್ಲಿ ಅವರು ತೀರಿಕೊಂಡರು. ಆ ದಿನಗಳಲ್ಲಿ ಕರ್ನಾಟಕದ ಮನೆಮನೆಯಲ್ಲೂ ಟಿವಿ ಮುಂದೆ ಪ್ರಾರ್ಥನೆ ನಡೆದಿತ್ತು, ನೆನಪಿದೆ ಅಲ್ವಾ?

ಬಣ್ಣ, ನೆಲ, ಮುಂದಿನ ಕೆಲಸ

ವಾಯುಪಡೆಯ ಗುರುತುಗಳನ್ನು ಡಿಕಾಲ್ (ಅಂಟುಚಿತ್ರ) ಹಾಳೆಯ ಮೇಲೆ ಪ್ರಿಂಟ್ ಮಾಡಿಸಿದ್ದೇನೆ. ನಡುವೆ ಹಸಿರು, ಸುತ್ತ ಬಿಳಿ, ಹೊರಗೆ ಕೇಸರಿ. ಹಿಮಕ್ಕೆ ಅಡುಗೆ ಸೋಡಾ ಬಳಸಬೇಡಿ, ವರ್ಷ ಕಳೆದರೆ ಹಳದಿಯಾಗುತ್ತದೆ. ನಾನು ಅಮೃತಶಿಲೆಯ ನುಣುಪು ಪುಡಿಯನ್ನು ಫೆವಿಕಾಲ್ ಜೊತೆ ಕಲಸಿ ಹಚ್ಚಿದೆ. ನೆರಳು ಬೀಳುವ ಕಡೆ ಒಂದು ತೊಟ್ಟು ನೀಲಿ.

ಚೀತಾಗೆ ವಯಸ್ಸಾಗಿದೆ. ಅದರ ಜಾಗಕ್ಕೆ ಎಚ್‌ಎಎಲ್‌ನ ಹೊಸ ಹಗುರ ಹೆಲಿಕಾಪ್ಟರ್, ಎಲ್‌ಯುಎಚ್, ಬರಬೇಕು. 2020ರಲ್ಲಿ ಅದು ಸಿಯಾಚಿನ್‌ನ ಹೆಲಿಪ್ಯಾಡ್‌ಗಳಲ್ಲಿ ಇಳಿದು ಪರೀಕ್ಷೆ ಮುಗಿಸಿದೆ. ಅದನ್ನು ಕಟ್ಟುವ ಕಾರ್ಖಾನೆ ಗುಬ್ಬಿ ತಾಲ್ಲೂಕಿನಲ್ಲಿ 2023ರ ಫೆಬ್ರವರಿಯಲ್ಲಿ ಉದ್ಘಾಟನೆಯಾಯಿತು. ಬೆಂಗಳೂರಿನ ಹೆಲಿಕಾಪ್ಟರ್ ಕೆಳಗಿಳಿದ ಮೇಲೂ ಹಿಮನದಿಗೆ ಹೋಗುವುದು ನಮ್ಮ ತುಮಕೂರಿನದು ಅನ್ನುವುದು ನನಗಂತೂ ಹೆಮ್ಮೆ.

ಇನ್ನು ಉಳಿದಿರುವುದು ರೋಟರ್. ಮೂರು ರೆಕ್ಕೆ, ಈ ಸ್ಕೇಲಿನಲ್ಲಿ ವ್ಯಾಸ 15.3 ಸೆಂಟಿಮೀಟರ್. ತಿರುಗುವಾಗ ರೆಕ್ಕೆ ಮೇಲಕ್ಕೆ ಬಾಗುತ್ತದೆ, ನಿಂತಾಗ ಜೋತು ಬೀಳುತ್ತದೆ. ನನ್ನದು ತಿರುಗುತ್ತಿರುವುದು, ಹಾಗಾಗಿ ತುದಿಗಳನ್ನು ಸ್ವಲ್ಪ ಮೇಲೆತ್ತಬೇಕು. ಇನ್ನೊಂದು ವಿಷಯ. ಹಿಮನದಿಯ ಮೇಲೆ ಚೀತಾಗಳು ಜೋಡಿಯಾಗಿಯೇ ಹೋಗುತ್ತವೆ. ಒಂದು ಬಿದ್ದರೆ ಇನ್ನೊಂದು ಆ ಪೈಲಟ್‌ಗಳನ್ನು ಎತ್ತಿಕೊಂಡು ಬರಬೇಕು. ಒಂಟಿ ಚೀತಾ ಇಟ್ಟರೆ ದೃಶ್ಯವೇ ಸುಳ್ಳಾಗುತ್ತದೆ. ಎರಡನೆಯದರ ಬಾಲಕ್ಕೆ ತಂತಿ ಕತ್ತರಿಸಿ ಇಟ್ಟಿದ್ದೇನೆ. ಗುಂಡುಸೂಜಿಯ ಹಲಗೆ ಇನ್ನೂ ಹಾಗೇ ಇದೆ, ಭಾನುವಾರ ಬೆಸುಗೆ ಶುರು.