ಹಾರನ್ ಬೇಡದ ರಸ್ತೆ

ನಮ್ಮ ಸೋದರಮಾವ ಜೀಪಿನ ಸ್ಟೇರಿಂಗ್ ಹಿಡಿದು ಮೂವತ್ತು ವರ್ಷವಾಗಿರಬಹುದು. ಆದರೂ ನಾಲ್ಕನೆಯ ಗೇರಿಗೆ ಹಾಕಿ, ಅರ್ಧ ಗಂಟೆ ಗೇರಿನ ತಂಟೆಗೇ ಹೋಗದೆ ಓಡಿಸಿದ್ದು ಹೋದ ವರ್ಷದ ಮೇ ತಿಂಗಳಲ್ಲೇ ಮೊದಲು. ಸುಂಟಿಕೊಪ್ಪದ ಹತ್ತಿರದ ನಮ್ಮ ತೋಟದಿಂದ ಯಾವ ಕಡೆಗೆ ಹೊರಟರೂ ತಿರುವು, ತಿರುವಿಗೊಂದು ಹಾರನ್. ಎದುರಿಗೆ ಬಸ್ಸು ಬರುತ್ತಿದೆಯೋ, ಕಾಫಿ ಚೀಲ ಹೇರಿದ ಪಿಕಪ್ಪೋ, ಆನೆಯೋ, ಕಿವಿ ಕೊಟ್ಟೇ ತಿಳಿಯಬೇಕು.

ಹೊರಟಿದ್ದು ಪ್ರವಾಸಕ್ಕಲ್ಲ, ಕುರಿ ಗೊಬ್ಬರಕ್ಕೆ. ಹಿಂದಿನ ವರ್ಷ ದಲ್ಲಾಳಿಯೊಬ್ಬರು ತರಿಸಿಕೊಟ್ಟ ಲೋಡಿನಲ್ಲಿ ಗೊಬ್ಬರಕ್ಕಿಂತ ಮಣ್ಣೇ ಹೆಚ್ಚಿತ್ತು. ‘ಈ ಸಲ ರೊಪ್ಪಕ್ಕೇ ಹೋಗಿ ಕಣ್ಣಾರೆ ನೋಡಿ ತರೋಣ, ನೀನೂ ಬಾ’ ಎಂದರು ಮಾವ. ಚಳ್ಳಕೆರೆ ಸೀಮೆಯ ಕುರಿಗಳು ಬಯಲಿನಲ್ಲಿ ಮೇಯ್ದಿದ್ದು ಕೊಡಗಿನ ಕಾಫಿ ಗಿಡದ ಬುಡಕ್ಕೆ ಬಂದು ಬೀಳುವ ಈ ವ್ಯವಹಾರ ಹಳೆಯದು. ಗೊಬ್ಬರ ಬರುತ್ತಿದ್ದ ಊರನ್ನು ಮಾತ್ರ ನಮ್ಮ ಮನೆಯವರು ಯಾರೂ ನೋಡಿರಲಿಲ್ಲ.

ಆನೆಕಾಡು ಇಳಿದು ಕುಶಾಲನಗರ ಮುಟ್ಟಿದರೆ ಎಲ್ಲರೂ ಹಿಡಿಯುವುದು ಮೈಸೂರಿನ ದಾರಿ. ನಾವು ಎಡಕ್ಕೆ ತಿರುಗಿದೆವು. ಹಾರಂಗಿ ಕಾವೇರಿಯನ್ನು ಸೇರುವ ಕೂಡಿಗೆ, ಆಮೇಲೆ ಹೆಬ್ಬಾಲೆ, ತೊರೆನೂರು, ಶಿರಂಗಾಲ. ಕೊಡಗಿನಲ್ಲೂ ಬಯಲಿದೆ ಎಂದರೆ ಹೊರಗಿನವರು ನಗುತ್ತಾರೆ. ಕಾಫಿ ಮುಗಿದು, ಸಿಲ್ವರ್ ಓಕ್ ಮುಗಿದು, ಹೊಸದಾಗಿ ನೆಟ್ಟ ಶುಂಠಿಯ ಪಾತಿಗಳ ಮೇಲೆ ಹುಲ್ಲು ಹೊದಿಸಿದ ಹೊಲಗಳು ಇಲ್ಲಿ ಶುರುವಾಗುತ್ತವೆ. ಜಿಲ್ಲೆಯ ಗಡಿ ದಾಟುವ ಮೊದಲೇ ಆಕಾಶ ಎರಡರಷ್ಟಾಯಿತು. ತೋಟದಲ್ಲಿ ನಮಗೆ ಆಕಾಶ ಸಿಗುವುದು ತುಂಡು ತುಂಡಾಗಿ: ಅಂಗಳದ ಮೇಲೊಂದು ತುಂಡು, ಕಣದ ಮೇಲೊಂದು, ಕೆರೆಯ ಮೇಲೊಂದು.

ಕೊಣನೂರು, ಅರಕಲಗೂಡು, ಹಾಸನ ಹೋದದ್ದು ತಿಳಿಯಲಿಲ್ಲ. ಅರಸೀಕೆರೆಯ ತೆಂಗಿನ ತೋಟಗಳು, ಹುಳಿಯಾರಿನಲ್ಲಿ ಮುದ್ದೆ ಊಟ. ಹಿರಿಯೂರು ದಾಟಿ ಚಳ್ಳಕೆರೆಯ ಕಡೆ ಹೊರಳಿದ ಮೇಲೆ ಮರಗಳು ಒಂದೊಂದಾಗಿ ಹಿಂದೆ ಸರಿದವು. ಉಳಿದದ್ದು ಅಲ್ಲೊಂದು ಬೇವು, ಇಲ್ಲೊಂದು ಬಳ್ಳಾರಿ ಜಾಲಿಯ ಪೊದೆ, ಶೇಂಗಾ ಬಿತ್ತಲು ಉತ್ತು ಬಿಟ್ಟ ಕೆಂಪು ಹೊಲ, ದಾರ ಹಿಡಿದು ಎಳೆದಂಥ ರಸ್ತೆ. ಮಾವನ ಎಡಗೈಗೆ ಕೆಲಸವಿಲ್ಲ. ಅದು ಗೇರಿನ ಗುಂಡಿನ ಮೇಲೆ ಸುಮ್ಮನೆ ಕೂತಿತ್ತು. ಇದ್ದಕ್ಕಿದ್ದಂತೆ ಹಾರನ್ ಹೊಡೆದರು.

‘ಯಾರಿಗೆ ಮಾವ?’

ಅವರು ಮುಂದೆ ನೋಡಿದರು. ರಸ್ತೆಯಲ್ಲಿ ನರಪಿಳ್ಳೆ ಇರಲಿಲ್ಲ. ಬೇವಿನ ಮರವೊಂದು ಹತ್ತಿರ ಬರುತ್ತಿತ್ತು. ‘ಅಭ್ಯಾಸ’ ಎಂದರು.

ಆ ಬೇವು ನಾನು ಮೊದಲು ಕಂಡಾಗ ಕೂಗಳತೆಯಲ್ಲಿತ್ತು. ಅದನ್ನು ದಾಟುವಾಗ ಮೀಟರು ಮೂರೂವರೆ ಕಿಲೋಮೀಟರ್ ಓಡಿತ್ತು. ಬೆಟ್ಟದವರ ಕಣ್ಣಿಗೆ ದೂರದ ಲೆಕ್ಕ ಬರುವುದಿಲ್ಲ, ಬರಬೇಕಾದ ಪ್ರಸಂಗವೂ ಇರುವುದಿಲ್ಲ. ನಮ್ಮಲ್ಲಿ ನೋಟ ಬೇಕೆಂದರೆ ಮಡಿಕೇರಿಯ ರಾಜಾಸೀಟಿಗೋ ಮಾಂದಲಪಟ್ಟಿಗೋ ಹೋಗಬೇಕು, ಹೋದರೂ ಮಂಜು ಬಿಟ್ಟುಕೊಡಬೇಕು. ಇಲ್ಲಿ ಜೀಪು ನಿಲ್ಲಿಸಿ ಬಾನೆಟ್ಟಿಗೆ ಒರಗಿದರೆ ಅದೇ ರಾಜಾಸೀಟು.

ನಾವು ಹುಡುಕುತ್ತಿದ್ದ ರೊಪ್ಪ ಇದ್ದದ್ದು ಅಮೃತ ಮಹಲ್ ಕಾವಲಿನ ಅಂಚಿನಲ್ಲಿ. ಜಾಲಿ ಮುಳ್ಳಿನ ಬೇಲಿ, ಒಳಗೆ ಮರಿಗಳು, ಹೊರಗೆ ಕರಿ ಕಂಬಳಿ ಹಾಸಿ ಕೂತ ಅಜ್ಜ. ‘ಇದು ದೊರೆಗಳ ಕಾವಲು’ ಎಂದು ಅವರೇ ಪರಿಚಯ ಮಾಡಿಕೊಟ್ಟರು. ಚಿಕ್ಕದೇವರಾಜ ಒಡೆಯರ ಕಾಲದ ‘ಬೆಣ್ಣೆ ಚಾವಡಿ’ಯ ದನಗಳಿಗೆ ಟಿಪ್ಪು ಅಮೃತ ಮಹಲ್ ಎಂದು ಹೆಸರಿಟ್ಟ. ಫಿರಂಗಿ ಎಳೆಯುತ್ತಿದ್ದ ಆ ಎತ್ತುಗಳ ಮೇವಿಗಾಗಿ ಹುಲ್ಲುಗಾವಲುಗಳನ್ನು ಕಾದಿರಿಸಿದ್ದರಿಂದ ಇವು ಕಾವಲುಗಳಾದವು. ನೇಗಿಲು ಬೀಳದೆ ಉಳಿದ ಈ ಹುಲ್ಲನ್ನು ಸರ್ಕಾರಿ ಕಡತ ಪಾಳು ಎಂದು ಓದಿತೋ ಏನೋ, ಚಳ್ಳಕೆರೆಯ ಕಾವಲಿನ ಸಾವಿರಾರು ಎಕರೆ ಈಗ ವಿಜ್ಞಾನ, ರಕ್ಷಣಾ ಸಂಸ್ಥೆಗಳ ಪಾಲಾಗಿದೆ. 2017ರಲ್ಲಿ ಇಲ್ಲಿ ವಿಮಾನಗಳ ಪರೀಕ್ಷಾ ನೆಲೆಯೂ ಶುರುವಾಯಿತು. ವಿಮಾನಕ್ಕೆ ಬಯಲು ಬೇಕು, ಒಪ್ಪೋಣ. ಕುರಿಗೂ ಬೇಕಲ್ಲ? ಅಜ್ಜ ಕೈ ಚಾಚಿ ತೋರಿಸಿದ ಕಡೆ ಒಂದು ಗೋಡೆ ಬಿಳಿ ಗೆರೆಯಂತೆ ಓಡುತ್ತಿತ್ತು. ಅಷ್ಟು ಹೊತ್ತು ಅಡೆತಡೆ ಇಲ್ಲದೆ ಹೋಗುತ್ತಿದ್ದ ನನ್ನ ಕಣ್ಣು ಅಲ್ಲಿಗೆ ಹೋಗಿ ಮುಗ್ಗರಿಸಿತು.

ಗೊಬ್ಬರ ಚೆನ್ನಾಗಿತ್ತು. ಮಾವ ಒಂದು ಹಿಡಿ ಎತ್ತಿ, ಬೆರಳಲ್ಲಿ ಪುಡಿ ಮಾಡಿ, ಮೂಸಿ ನೋಡಿ ತಲೆಯಾಡಿಸಿದರು. ಬೆಲೆಯ ಮಾತು ಇನ್ನೂ ಅರ್ಧದಲ್ಲಿತ್ತು, ಈಶಾನ್ಯದಲ್ಲಿ ಮೋಡ ಎದ್ದಿತು.

ತೋಟದಲ್ಲಿ ಮಳೆ ಮೊದಲು ಕಿವಿಗೆ ಬರುತ್ತದೆ. ಪಕ್ಕದ ತೋಟದ ಮರಗಳ ಮೇಲೆ ಸರಸರ ಎನ್ನುತ್ತದೆ, ಲೈನ್ ಮನೆಯ ತಗಡಿನ ಮೇಲೆ ಬಡಿಯುತ್ತದೆ, ಅಷ್ಟರಲ್ಲಿ ನೀವು ನೆನೆದಿರುತ್ತೀರಿ. ಇಲ್ಲಿ ಅದು ಇಡಿಯಾಗಿ ಕಂಡಿತು: ತಲೆ, ನಡು, ಕಾಲು. ಮೋಡದ ತಳದಿಂದ ಬೂದು ಬಣ್ಣದ ಚಾಪೆ ನೇತು ಹಾಕಿದಂತೆ ನೀರು ಇಳಿದಿತ್ತು. ಚಾಪೆಯ ಎರಡೂ ಬದಿಗೆ ಬಿಸಿಲು. ಒಳಗೆ ಮಿಂಚು ಹೊಡೆಯುತ್ತಿತ್ತು, ಗುಡುಗು ಕೇಳಿಸುತ್ತಿರಲಿಲ್ಲ.

‘ಟಾರ್ಪಾಲು ಎಲ್ಲಿ? ಗೊಬ್ಬರ ನೆನೆಯುತ್ತದೆ!’ ಮಾವ ಎದ್ದು ನಿಂತರು.

‘ಕೂತುಕೊಳ್ಳಿ ಸ್ವಾಮಿ’ ಎಂದರು ಅಜ್ಜ. ‘ಆ ಮಳೆ ನಮ್ಮದಲ್ಲ. ಮೊಳಕಾಲ್ಮೂರಿನವರದು.’

ನಾವು ಕೂತು ನೋಡಿದೆವು. ಮುಕ್ಕಾಲು ಗಂಟೆ ಆ ಮಳೆ ಬಯಲಿನ ಆಚೆ ಅಂಚಿನಲ್ಲಿ ಬಲದಿಂದ ಎಡಕ್ಕೆ ನಡೆದು ಹೋಯಿತು. ತಣ್ಣನೆಯ ಗಾಳಿ ಬಂತು, ಮಣ್ಣಿನ ವಾಸನೆ ಬಂತು, ಕುರಿಗಳೆಲ್ಲ ಒಟ್ಟಿಗೆ ಮೂತಿ ಎತ್ತಿದವು. ಹನಿ ಮಾತ್ರ ಬೀಳಲಿಲ್ಲ.

ಇಷ್ಟು ಚೆಂದದ ಮಳೆಯನ್ನು ನಾನು ನೋಡಿರಲಿಲ್ಲ ಎಂದು ಬಾಯಿ ತೆರೆದವನು ಅಜ್ಜನ ಮುಖ ಕಂಡು ಸುಮ್ಮನಾದೆ. ಮಡಿಕೇರಿಯಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಮಿಕ್ಕಿ ಸುರಿಯುತ್ತದೆ. ಇಲ್ಲಿ 500 ಮುಟ್ಟಿದರೆ ಒಳ್ಳೆಯ ವರ್ಷ. ನಮ್ಮ ಕಡೆ ‘ಎಷ್ಟು ಇಂಚು, ಎಷ್ಟು ಸೆಂಟು’ ಎಂದು ಮಳೆಗೆ ಲೆಕ್ಕದ ಪುಸ್ತಕವೇ ಇರುತ್ತದೆ. ಅಜ್ಜ ಹೇಳಿದ್ದು ಇಷ್ಟೇ: ‘ಭರಣಿ ಮುಗಿಯುತ್ತಾ ಬಂತು. ಕೃತ್ತಿಕೆ ನೋಡಬೇಕು.’ ನಾನು ಮೆಚ್ಚಿಕೊಂಡ ಈ ಬಯಲು ಮರ ಬೆಳೆಯದೆ ಉಳಿದದ್ದಕ್ಕೆ ಆ ಬಾರದ ಮಳೆಯೂ ಒಂದು ಕಾರಣ ಎನ್ನುವುದು ಕಂಬಳಿಯ ಮೇಲೆ ಕೂತ ಅವರಿಗೆ ನಾನು ಹೇಳುವ ಮಾತಾಗಿರಲಿಲ್ಲ.

ರಾತ್ರಿ ಅವರ ಮನೆಯ ಅಂಗಳದಲ್ಲಿ ಹೊರಸು ಹಾಕಿಕೊಟ್ಟರು. ಬಯಲ ಕಡೆಗೆ ನೀರು ಬಿಡಲು ಹೋದ ಮಾವ ಟಾರ್ಚನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ಬೀಸಿ ನೋಡಿದರು. ಆನೆ ಬರುವ ಜಾಗವಲ್ಲ ಎಂದು ನೆನಪಾಗಿ ಆರಿಸಿದರು. 2018ರ ಆಗಸ್ಟ್‌ನಲ್ಲಿ ಮಕ್ಕಂದೂರಿನ ಕಡೆ ಗುಡ್ಡಗಳು ಕುಸಿದು ಮನೆಗಳೇ ಜಾರಿದ ಮೇಲೆ, ಮಳೆ ಜೋರಾದ ರಾತ್ರಿ ನಮ್ಮ ಮಾವ ಮಲಗುವುದಿಲ್ಲ. ಹಿತ್ತಿಲ ಬಾಗಿಲು ತೆರೆದು ಮನೆಯ ಹಿಂದಿನ ಗುಡ್ಡದ ಬರೆಗೆ ಟಾರ್ಚು ಬಿಡುತ್ತಾರೆ, ಬಂದು ಕೂರುತ್ತಾರೆ, ಮತ್ತೆ ಏಳುತ್ತಾರೆ. ಅಂದು ಆ ಅಂಗಳದಲ್ಲಿ ಅವರ ತಲೆಗಿಂತ ಎತ್ತರದಲ್ಲಿ ಇದ್ದದ್ದು ನಕ್ಷತ್ರ ಮಾತ್ರ. ಬೆಳಿಗ್ಗೆ ಬಿಸಿಲು ಮುಖಕ್ಕೆ ಹೊಡೆದು, ಕುರಿಗಳು ಮೇಯಲು ಹೊರಟು ಹೋದ ಮೇಲೂ ಗೊರಕೆ ನಿಂತಿರಲಿಲ್ಲ.

ಗೊಬ್ಬರದ ಲಾರಿ ನಾಲ್ಕು ದಿನದ ನಂತರ ತೋಟಕ್ಕೆ ಬಂತು. ಅಜ್ಜನ ಊರಿನವನೇ ಚಾಲಕ, ಇಪ್ಪತ್ತೈದರ ಹುಡುಗ. ಇಳಿದವನು ಬೆವರು ಒರೆಸಿಕೊಂಡು, ‘ಇದೇನು ಸ್ವಾಮಿ, ಮುಂದೆ ಏನಿದೆ ಎಂದೇ ಕಾಣುವುದಿಲ್ಲ ನಿಮ್ಮ ರಸ್ತೆಯಲ್ಲಿ! ಎರಡು ಸಲ ಬಸ್ಸಿಗೆ ಗುದ್ದುವುದು ತಪ್ಪಿತು’ ಎಂದ.

‘ಹಾರನ್ ಹೊಡೆದೆಯಾ?’

‘ಯಾರೂ ಇರಲಿಲ್ಲವಲ್ಲ, ಯಾರಿಗೆ ಹೊಡೆಯುವುದು?’

ಮಾವ ನನ್ನ ಕಡೆ ನೋಡಲಿಲ್ಲ. ಕಾಫಿ ಕುಡಿಸಿ, ತಿರುವಿಗೆ ಇಪ್ಪತ್ತು ಅಡಿ ಮೊದಲೇ ಒತ್ತಬೇಕು, ಉತ್ತರ ಬಂದರೆ ನಿಲ್ಲಬೇಕು ಎಂದು ಪಾಠ ಹೇಳಿ ಕಳಿಸಿದರು. ಗೇಟಿನ ಆಚೆ ಲಾರಿ ಸಿಲ್ವರ್ ಓಕ್‌ಗಳ ಹಿಂದೆ ಮರೆಯಾಯಿತು. ಮೊದಲ ತಿರುವಿನಲ್ಲಿ ಹಾರನ್ ಕೇಳಿಸಿತು. ಎರಡನೆಯದರಲ್ಲೂ ಕೇಳಿಸಿತು. ಮೂರನೆಯದು ಸ್ವಲ್ಪ ತಡವಾಯಿತು. ಮಾವ ಲೋಟ ಹಿಡಿದು ಮೆಟ್ಟಿಲ ಮೇಲೇ ನಿಂತಿದ್ದರು, ಅದು ಕೇಳಿಸಿದ ಮೇಲೆ ಒಳಗೆ ಬಂದರು.